ವಾರಂಟಿ ಮುಗಿಯುವ ಮುನ್ನ ಗಾಡಿಯನ್ನು ಒಮ್ಮೆ ತೋರಿಸಿ

ಹಾಲಿನ ಕ್ಯಾನು, ಮೇವು, ಪಶು ಆಹಾರದ ಮೂಟೆ ಸಾಗಿಸಲು ಮನೆಯಲ್ಲಿ ಸಣ್ಣ ಗೂಡ್ಸ್ ಗಾಡಿಯನ್ನೋ ಪಿಕಪ್ಪನ್ನೋ ಇಟ್ಟುಕೊಂಡಿರುವ ಸದಸ್ಯೆಯರಿಗೆ ಒಂದು ಪ್ರಶ್ನೆ. ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ತಿಂಗಳಾದರೂ ಹೇಳುತ್ತೀರಿ. ಎಫ್‌ಸಿ ಯಾವಾಗ ಎಂದರೂ ಹೇಳುತ್ತೀರಿ, ದಾರಿಯಲ್ಲಿ ಕೈ ಅಡ್ಡ ಹಾಕಿ ಕೇಳುವವರಿದ್ದಾರಲ್ಲ. ಗಾಡಿಯ ವಾರಂಟಿ ಮುಗಿಯುವುದು ಯಾವತ್ತು? ಇದನ್ನು ಕೇಳಿದರೆ ಸಾಮಾನ್ಯವಾಗಿ ಅಮ್ಮ ಮಗನ ಮುಖ ನೋಡುತ್ತಾರೆ, ಮಗ ಡ್ರೈವರನ ಮುಖ ನೋಡುತ್ತಾನೆ.

ತಪ್ಪು ನಿಮ್ಮದಲ್ಲ. ಇನ್ಶೂರೆನ್ಸ್ ಮುಗಿಯುವ ತಿಂಗಳ ಮೊದಲೇ ಏಜೆಂಟರ ಫೋನು ಬರುತ್ತದೆ, ಅದು ನವೀಕರಣವಾದರೆ ಅವರಿಗೂ ನಾಲ್ಕು ಕಾಸು. ವಾರಂಟಿ ಮುಗಿಯುತ್ತಿದೆ, ಬಂದು ಗಾಡಿ ತೋರಿಸಿ ಎಂದು ಫೋನು ಮಾಡುವವರು ಅಪರೂಪ. ಆ ದಿನ ದಾಟಿತೆಂದರೆ ನಷ್ಟ ಆಗುವುದು ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ. ಸಾಲ ಸಿಗಲು ಅನುಕೂಲವೆಂದು, ಸ್ತ್ರೀಶಕ್ತಿ ಸಂಘದ ವ್ಯವಹಾರ ಚೆನ್ನಾಗಿದೆಯೆಂದು ಎಷ್ಟೋ ಮನೆಗಳಲ್ಲಿ ಆರ್‌ಸಿ ಹೆಂಗಸರ ಹೆಸರಿನಲ್ಲಿರುತ್ತದೆ. ಕಂತು ಕಟ್ಟುವುದು ಹಾಲಿನ ಬಟವಾಡೆಯಿಂದ. ಶೋರೂಮಿಗೆ ಹೋಗುವವರು ಮಾತ್ರ ಬೇರೆ ಯಾರೋ.

ಒಬ್ಬ ಸದಸ್ಯೆಯ ಗಾಡಿಯ ಕಥೆ ಹೇಳುತ್ತೇನೆ. ಬೆಳಗ್ಗೆ ಸಂಜೆ ಎರಡು ಹೊತ್ತೂ ಹಳ್ಳಿಯ ಸಂಘಗಳಿಂದ ಶೀತಲೀಕರಣ ಕೇಂದ್ರಕ್ಕೆ ಕ್ಯಾನು ಸಾಗಿಸುವ ಗಾಡಿ ಅದು. ಒಂದೂವರೆ ವರ್ಷ ಕಳೆದಾಗ, ಲೋಡು ಹೊತ್ತು ಏರು ಹತ್ತುವಾಗ ಮೂರನೇ ಗೇರು ತಾನಾಗಿ ಜಾರತೊಡಗಿತು. ಸರ್ವೀಸಿಗೆ ಬಿಟ್ಟಾಗ ಮಗ ಬಾಯಿಮಾತಿನಲ್ಲಿ ಹೇಳಿದ. "ಗಾಡಿ ಇನ್ನೂ ಹೊಸದು, ಪಳಗಿದರೆ ಸರಿಹೋಗುತ್ತದೆ, ಮುಂದಿನ ಸರ್ವೀಸಿನಲ್ಲಿ ನೋಡೋಣ" ಎಂದರು. ಮುಂದಿನ ಸರ್ವೀಸಿನಲ್ಲೂ ಅದೇ ಮಾತು. ಎರಡು ವರ್ಷ ತುಂಬಿ ಇಪ್ಪತ್ತು ದಿನಕ್ಕೆ ಗೇರ್ ಬಾಕ್ಸ್ ಕೂತೇಹೋಯಿತು. ಬೆಳಗಿನ ಹಾಲು ನಡುದಾರಿಯಲ್ಲಿ ನಿಂತಿತು, ಇನ್ನೊಂದು ಗಾಡಿ ಬರುವಷ್ಟರಲ್ಲಿ ನಾಲ್ಕು ಕ್ಯಾನು ಒಡೆದಿತ್ತು. ವಾರಂಟಿ ಕೇಳಲು ಹೋದರೆ, "ಮುಗಿದಿದೆಯಲ್ಲಮ್ಮ" ಎಂದರು. ಹಿಂದೆಯೇ ಹೇಳಿದ್ದೆವು ಎಂದರೆ, "ಎಲ್ಲಿ ಬರೆಸಿದ್ದೀರಿ ತೋರಿಸಿ" ಎಂಬ ಉತ್ತರ. ಹಳೆಯ ಜಾಬ್ ಕಾರ್ಡುಗಳನ್ನೆಲ್ಲ ಹುಡುಕಿದರು. ಇದ್ದದ್ದು ಎರಡೇ ಪದ: ಜನರಲ್ ಸರ್ವೀಸ್.

ಗಾಡಿ ಕೆಟ್ಟದ್ದು ವಾರಂಟಿಯೊಳಗೇ. ಆದರೆ ಅದಕ್ಕೆ ಕಾಗದದ ಸಾಕ್ಷಿ ಇರಲಿಲ್ಲ. ಮುಂದೆ ಹೇಳುವುದೆಲ್ಲ ಆ ಕಾಗದವನ್ನು ಹೇಗೆ ಸಂಪಾದಿಸಬೇಕು ಎಂಬುದರ ಬಗ್ಗೆ.

ಎರಡು ಗಡಿ, ಯಾವುದು ಮೊದಲೋ ಅದು

ಮೊದಲು ಬೀರುವಿನಿಂದ ವಾರಂಟಿ ಪುಸ್ತಕ ಹೊರತೆಗೆಯಿರಿ. ವಾರಂಟಿಗೆ ಎರಡು ಗಡಿ: ಒಂದು ದಿನಾಂಕ, ಇನ್ನೊಂದು ಕಿಲೋಮೀಟರು. ಯಾವುದು ಮೊದಲು ದಾಟಿದರೂ ವಾರಂಟಿ ಮುಗಿಯಿತು. ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಇದು ಬೇರೆ, ಆದ್ದರಿಂದ ನೆರೆಮನೆಯ ಗಾಡಿಯ ಲೆಕ್ಕ ಹಿಡಿಯಬೇಡಿ. ದಿನಾಂಕವನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಗಾಡಿ ಮಾರಾಟವಾದ ದಿನದಿಂದ, ನಂಬರ್ ಪ್ಲೇಟ್ ಬಂದ ದಿನದಿಂದಲ್ಲ. ನಮ್ಮಲ್ಲಿ ಪೂಜೆ ಮಾಡಿದ ದಿನ ಎಲ್ಲರಿಗೂ ನೆನಪಿರುತ್ತದೆ, ಇನ್‌ವಾಯ್ಸಿನ ದಿನ ಯಾರಿಗೂ ಇರುವುದಿಲ್ಲ. ಎರಡಕ್ಕೂ ಹತ್ತು ಹದಿನೈದು ದಿನದ ಅಂತರ ಇರಬಹುದು.

ಉದಾಹರಣೆಗೆ ನಿಮ್ಮ ಪುಸ್ತಕದಲ್ಲಿ 2 ವರ್ಷ ಅಥವಾ 72,000 ಕಿ.ಮೀ. ಎಂದಿದೆ ಎಂದುಕೊಳ್ಳಿ. ಗಾಡಿ ದಿನಕ್ಕೆ 60 ಕಿ.ಮೀ. ಓಡಿದರೆ ವರ್ಷಕ್ಕೆ 21,900, ಎರಡು ವರ್ಷಕ್ಕೆ 43,800 ಕಿ.ಮೀ. ಅಂದರೆ ನಿಮಗೆ ದಿನಾಂಕವೇ ಗಡಿ. ಅದೇ ಗಾಡಿ ಎರಡು ಹೊತ್ತು ಹಾಲಿನ ಮಾರ್ಗದಲ್ಲಿ ದಿನಕ್ಕೆ 110 ಕಿ.ಮೀ. ಓಡಿದರೆ ಇಪ್ಪತ್ತೊಂದೂವರೆ ತಿಂಗಳಿಗೇ 72,000 ದಾಟುತ್ತದೆ. ಇನ್ನೂ ಎರಡೂವರೆ ತಿಂಗಳು ಇದೆ ಎಂದುಕೊಂಡು ನೀವು ಕೂತಿರುತ್ತೀರಿ, ವಾರಂಟಿ ಆಗಲೇ ಹೋಗಿರುತ್ತದೆ. ಹಾಲಿನ ಮಾರ್ಗದ ಗಾಡಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಈ ಲೆಕ್ಕ ಹಾಕಿ, ಮುಗಿಯುವ ದಿನಕ್ಕೆ ಎರಡು ತಿಂಗಳು ಹಿಂದಿನ ತಾರೀಕನ್ನು ಕೊಟ್ಟಿಗೆಯ ಕ್ಯಾಲೆಂಡರಿನಲ್ಲಿ, ಹಸು ಬೆದೆಗೆ ಬಂದ ದಿನ ಬರೆಯುವ ಕಡೆಯೇ ಬರೆದಿಡಿ. ಎರಡು ತಿಂಗಳು ಏಕೆ? ಕೊನೆಯ ವಾರದಲ್ಲಿ ಹೋದರೆ ಸರ್ವೀಸ್ ಸೆಂಟರಿನಲ್ಲಿ ದಿನ ಸಿಗುವುದಿಲ್ಲ, ಸಿಕ್ಕರೂ ಪಾರ್ಟು ಬಂದಿಲ್ಲ ಎನ್ನುತ್ತಾರೆ. ರಿಪೇರಿ ಆದ ಮೇಲೆ ಗಾಡಿಯನ್ನು ಲೋಡಿನಲ್ಲಿ ಓಡಿಸಿ ನೋಡಿ, ದೋಷ ಮತ್ತೆ ಬಂದರೆ ಮತ್ತೆ ಒಯ್ಯಲು ನಿಮಗೂ ಸಮಯ ಬೇಕು.

ಇಲ್ಲಿ ಇನ್ನೊಂದು ಗೊಂದಲವಿದೆ. ಹೊಸ ಸರಕು ಗಾಡಿಗೆ ಮೊದಲ ಎಫ್‌ಸಿ ಎರಡು ವರ್ಷಕ್ಕೆ ಇರುತ್ತದೆ, ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ ನವೀಕರಣ, ಆಮೇಲೆ ಪ್ರತಿ ವರ್ಷ. ವಾರಂಟಿಯೂ ಎರಡು ವರ್ಷದ್ದಾದರೆ ಎರಡೂ ಒಂದೇ ಸಮಯಕ್ಕೆ ಬರುತ್ತವೆ. ಎಫ್‌ಸಿಗೆ ಪೇಂಟು, ರೇಡಿಯಂ ಸ್ಟಿಕ್ಕರು, ಲೈಟು ಎಂದು ಓಡಾಡುವ ಭರದಲ್ಲಿ ವಾರಂಟಿ ಮರೆತೇಹೋಗುತ್ತದೆ. ಎಫ್‌ಸಿ ಆಯಿತಲ್ಲ, ಗಾಡಿ ಚೆನ್ನಾಗಿದೆ ಎಂದುಕೊಳ್ಳಬೇಡಿ. ಗಾಡಿ ರಸ್ತೆಯಲ್ಲಿ ಓಡಲು ಯೋಗ್ಯವೇ ಎಂದಷ್ಟೇ ಅಲ್ಲಿ ನೋಡುತ್ತಾರೆ. ಬೇರಿಂಗು ಸವೆಯುತ್ತಿದೆಯೇ, ಗೇರ್ ಬಾಕ್ಸಿನಲ್ಲಿ ಶಬ್ದವಿದೆಯೇ ಎಂದು ಹುಡುಕಿ ಬದಲಾಯಿಸಿಕೊಡುವುದು ಅವರ ಕೆಲಸವಲ್ಲ. ಮೊದಲು ವಾರಂಟಿ ತಪಾಸಣೆ ಮಾಡಿಸಿ, ಆಮೇಲೆ ಎಫ್‌ಸಿಗೆ ಹೋಗಿ.

ಹೋಗುವ ಮುನ್ನ ಒಂದು ವಾರ

ಹಸು ಕೊಳ್ಳುವಾಗ ನಾವು ಎರಡು ಹೊತ್ತು ಹಾಲು ಕರೆದು ನೋಡದೆ ದುಡ್ಡು ಎಣಿಸುವುದಿಲ್ಲ. ಬಾಯಿ ತೆರೆದು ಹಲ್ಲು ನೋಡುತ್ತೇವೆ, ನಾಲ್ಕು ಮೊಲೆಯನ್ನೂ ಹಿಂಡಿ ನೋಡುತ್ತೇವೆ. ಗಾಡಿಯನ್ನು ತೋರಿಸಲು ಒಯ್ಯುವ ಮುನ್ನ ಒಂದು ವಾರ ಅದೇ ಕಣ್ಣಿನಿಂದ ನೋಡಿ. ಯಂತ್ರದ ವಿದ್ಯೆ ಬೇಕಿಲ್ಲ.

ಬೆಳಗಿನ ಜಾವ ಗಾಡಿ ಎಷ್ಟನೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ ಎಂದು ಗಮನಿಸಿ. ಪ್ರತಿ ಸಂಘದ ಮುಂದೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವ ಗಾಡಿಯ ಸ್ಟಾರ್ಟರ್ ಮೋಟಾರಿಗೂ ಬ್ಯಾಟರಿಗೂ ಬೇರೆ ಗಾಡಿಗಿಂತ ಹೆಚ್ಚು ಕೆಲಸ. ರಾತ್ರಿ ಗಾಡಿ ನಿಂತ ಜಾಗದಲ್ಲಿ ಹಳೆಯ ರಟ್ಟು ಹಾಸಿಡಿ, ಬೆಳಗ್ಗೆ ಅದರ ಮೇಲೆ ಎಣ್ಣೆಯ ಹನಿ ಎಲ್ಲಿ ಬಿದ್ದಿದೆ ನೋಡಿ, ರಟ್ಟನ್ನೇ ಫೋಟೋ ತೆಗೆದುಕೊಳ್ಳಿ. ಇಂಜಿನ್ ತಣ್ಣಗಿರುವಾಗ ಮಾತ್ರ ಕೂಲೆಂಟ್ ಡಬ್ಬಿಯ ಗೆರೆ ನೋಡಿ. ಹೊರಗೆ ಸೋರದೆಯೂ ವಾರಕ್ಕೊಮ್ಮೆ ಹಾಕಬೇಕಾಗುತ್ತಿದ್ದರೆ ಅದು ಬರೆಸಲೇಬೇಕಾದ ದೂರು. ಮುಂದಿನ ಟೈರು ಒಂದೇ ಬದಿ ಸವೆದಿದ್ದರೆ ಅದನ್ನೂ ಬರೆದುಕೊಳ್ಳಿ.

ನಿಮ್ಮ ಗಾಡಿ ಡೀಸೆಲ್ ಆಗಿದ್ದು 2020ರ ಏಪ್ರಿಲ್ ನಂತರ ತಯಾರಾದ ಬಿಎಸ್-6 ಆಗಿದ್ದರೆ ಇನ್ನೊಂದು ವಿಷಯ. ಇವುಗಳಲ್ಲಿ ಅನೇಕ ಮಾಡೆಲ್‌ಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕ ಇರುತ್ತದೆ. ಗಾಡಿ ಒಂದಷ್ಟು ಹೊತ್ತು ನಿಲ್ಲದೆ ವೇಗವಾಗಿ ಓಡಿದರೆ ಆ ಮಸಿ ಒಳಗೇ ಸುಟ್ಟುಹೋಗುತ್ತದೆ. ಎರಡು ಕಿಲೋಮೀಟರಿಗೊಮ್ಮೆ ನಿಲ್ಲುವ ಹಾಲಿನ ಗಾಡಿಗೆ ಆ ಅವಕಾಶ ಸಿಗುವುದಿಲ್ಲ, ಮಸಿ ಕಟ್ಟಿಕೊಳ್ಳುತ್ತದೆ, ಮೀಟರಿನಲ್ಲಿ ದೀಪ ಹತ್ತುತ್ತದೆ. "ಆ ಲೈಟು ಬರ್ತಾ ಇರುತ್ತೆ, ಏನಾಗಲ್ಲ ಬಿಡಿ" ಎನ್ನುವ ಡ್ರೈವರನ ಮಾತಿಗೆ ಕಿವಿಗೊಡಬೇಡಿ. ಯಾವ ದೀಪ, ಯಾವತ್ತಿನಿಂದ ಎಂದು ಬರೆದಿಡಿ, ಹತ್ತಿದ ದೀಪದ ಫೋಟೋ ತೆಗೆಯಿರಿ.

ಹಾಲಿನ ಗಾಡಿಗೆಂದೇ ಇರುವ ಕಾಯಿಲೆ ತುಕ್ಕು. ಚೆಲ್ಲಿದ ಹಾಲು ಹುಳಿಯಾಗಿ, ಕ್ಯಾನು ತೊಳೆದ ನೀರಿನ ಜತೆ ಸೇರಿ ತಳದ ತಗಡಿನ ಸಂದಿಗೆ ಇಳಿಯುತ್ತದೆ. ಬಾಡಿಯ ನೆಲ, ಚಾಸಿಗೆ ಬಾಡಿ ಕೂಡುವ ಜಾಗ, ಹಿಂಬಾಗಿಲಿನ ಕೀಲು ಇವನ್ನು ಬಗ್ಗಿ ನೋಡಿ. ತುಕ್ಕಿಗೆ ವಾರಂಟಿ ಉಂಟೋ ಇಲ್ಲವೋ ಎಂಬುದು ಪುಸ್ತಕದಲ್ಲಿದೆ, ಹೊರಗೆ ಕಟ್ಟಿಸಿದ ಬಾಡಿಯಾದರೆ ಕಂಪನಿ ಹೊಣೆ ಹೊರುವುದಿಲ್ಲ. ಆದರೂ ತಿಳಿದಿರುವುದು ಒಳ್ಳೆಯದು.

ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ. ಪಶುವೈದ್ಯರಿಗೆ "ಹಸು ಹುಷಾರಿಲ್ಲ" ಎಂದರೆ ಅವರಾದರೂ ಏನು ಮಾಡುತ್ತಾರೆ? ನಿನ್ನೆ ಸಂಜೆಯಿಂದ ಮೆಲುಕು ಹಾಕುತ್ತಿಲ್ಲ, ಸಗಣಿ ನೀರಾಗಿದೆ, ಎಡಗಡೆ ಹೊಟ್ಟೆ ಉಬ್ಬಿದೆ ಎಂದರೆ ಔಷಧಿ ಸಮೇತ ಬರುತ್ತಾರೆ. ಇಲ್ಲಿಯೂ ಹಾಗೆಯೇ. "ಗೇರ್ ಬಾಕ್ಸ್ ಚೆಕ್ ಮಾಡಿ" ಎಂದು ಬರೆಸಿದರೆ ಚೆಕ್ ಮಾಡಿದೆವು ಎಂದು ಬರೆದು ಕೈತೊಳೆದುಕೊಳ್ಳಬಹುದು. "ಲೋಡ್ ಇದ್ದಾಗ ಏರಿನಲ್ಲಿ ಮೂರನೇ ಗೇರು ತಾನಾಗಿ ಬಿಡುತ್ತದೆ, ಖಾಲಿ ಗಾಡಿಯಲ್ಲಿ ಬಿಡುವುದಿಲ್ಲ, ಎರಡು ತಿಂಗಳಿಂದ ಇದೆ" ಎಂದು ಬರೆಸಿದರೆ ಅದನ್ನು ಪರೀಕ್ಷಿಸಿ ಉತ್ತರ ಕೊಡಲೇಬೇಕಾಗುತ್ತದೆ.

ಸರ್ವೀಸ್ ಸೆಂಟರಿನಲ್ಲಿ

ಸಾಧ್ಯವಾದರೆ ನೀವೇ ಹೋಗಿ. ಡ್ರೈವರು ಜತೆಗಿರಲಿ, ಶಬ್ದ ಎಲ್ಲಿ ಬರುತ್ತದೆಂದು ಅವನೇ ಚೆನ್ನಾಗಿ ತೋರಿಸಬಲ್ಲ. ಆದರೆ ಸಹಿ ಮಾಡುವ ಕೈ ನಿಮ್ಮದಾಗಿರಲಿ. ಗಾಡಿ ಖಾಲಿ ಒಯ್ಯಬೇಡಿ. ದೋಷ ಲೋಡಿನಲ್ಲಿ ಮಾತ್ರ ಕಾಣುವುದಾದರೆ ಪಶು ಆಹಾರದ ಹತ್ತು ಮೂಟೆ ಹೇರಿಕೊಂಡೇ ಹೋಗಿ, ಅವರ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಿ. ಖಾಲಿ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬಂದು "ಎಲ್ಲಾ ನಾರ್ಮಲ್" ಎನ್ನುವುದು ಸುಲಭ. ಬೆಳಗಿನ ಚಳಿಯಲ್ಲಿ ಮಾತ್ರ ಕಾಣುವ ತೊಂದರೆಯಾದರೆ ಹಿಂದಿನ ಸಂಜೆಯೇ ಗಾಡಿ ಬಿಟ್ಟುಬರಬೇಕಾಗುತ್ತದೆ. ಒಂದು ಹೊತ್ತಿನ ಹಾಲಿಗೆ ಬೇರೆ ಗಾಡಿಯ ಏರ್ಪಾಡು ಮಾಡಿಕೊಳ್ಳಿ, ಸಂಘದ ಕಾರ್ಯದರ್ಶಿಗೆ ಮೊದಲೇ ತಿಳಿಸಿ. ಹಾಲು ನಿಲ್ಲಿಸಲಾಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮವರು ಈ ತಪಾಸಣೆಯನ್ನು ಮುಂದೆ ಹಾಕುತ್ತಾ ಹೋಗುತ್ತಾರೆ.

ಗಾಡಿಯನ್ನು ಲಿಫ್ಟಿಗೆ ಏರಿಸಿದಾಗ ನೀವೂ ಕೆಳಗೆ ನಿಂತು ನೋಡಿ. ಹಿಂದಿನ ಸ್ಪ್ರಿಂಗ್ ಪಟ್ಟಿಗಳಲ್ಲಿ ಬಿರುಕು, ಶಾಕ್ ಅಬ್ಸಾರ್ಬರಿನ ಎಣ್ಣೆ, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟಿನ ಕೀಲುಗಳಲ್ಲಿ ಸಡಿಲ, ಚಕ್ರದ ಬೇರಿಂಗಿನ ಶಬ್ದ ಇವನ್ನು ತೋರಿಸಲು ಕೇಳಿ. ಕೇಳಿದರೆ ತೋರಿಸುತ್ತಾರೆ.

ಜಾಬ್ ಕಾರ್ಡಿನಲ್ಲಿ ನಿಮ್ಮ ಹಾಳೆಯ ಪ್ರತಿಯೊಂದು ದೂರೂ ಬಂದಿದೆಯೇ ಎಂದು ಓದಿಸಿಕೊಂಡು, ದಿನಾಂಕ ಮತ್ತು ಮೀಟರಿನ ಕಿಲೋಮೀಟರು ಸರಿಯಿದೆಯೇ ನೋಡಿ ಆಮೇಲೆ ಸಹಿ ಹಾಕಿ. ಪ್ರತಿ ಇಸಿದುಕೊಳ್ಳಿ. ದೋಷವಿಲ್ಲ ಎಂದರೆ ಹಾಗೆಂದೇ ಬರೆದುಕೊಡಲಿ. ಪಾರ್ಟು ಬರಬೇಕು ಎಂದರೆ ಯಾವ ಪಾರ್ಟು, ಯಾವತ್ತು ಆರ್ಡರ್ ಹಾಕಿದ್ದಾರೆ ಎಂದು ಬರೆಸಿ. ನಡುವೆ ವಾರಂಟಿ ಮುಗಿದರೂ, ಅವಧಿಯೊಳಗೆ ಬರೆಸಿದ ದೂರು ನಿಮ್ಮ ಕೈಯಲ್ಲಿರುತ್ತದೆ. ಇನ್ನೊಂದು ಮಾತನ್ನೂ ಕೇಳಿ: "ನಮ್ಮ ಚಾಸಿ ನಂಬರಿಗೆ ಕಂಪನಿಯಿಂದ ರೀಕಾಲ್ ಏನಾದರೂ ಬಾಕಿ ಇದೆಯೇ?" ತಯಾರಿಕೆಯಲ್ಲೇ ದೋಷವಿದ್ದ ಗಾಡಿಗಳನ್ನು ಕಂಪನಿ ವಾಪಸು ಕರೆಸಿ ಉಚಿತವಾಗಿ ಸರಿಪಡಿಸುವುದನ್ನು ರೀಕಾಲ್ ಎನ್ನುತ್ತಾರೆ.

ವಾರಂಟಿ ಕೊಡದಿರಲು ಅವರು ಹೇಳುವ ಕಾರಣಗಳಲ್ಲಿ ಕೆಲವು ನ್ಯಾಯವಾದವೇ. ಬ್ರೇಕ್ ಲೈನಿಂಗು, ಕ್ಲಚ್ ಪ್ಲೇಟು, ಫಿಲ್ಟರು, ಬಲ್ಬು ಇಂಥ ಸವೆಯುವ ವಸ್ತುಗಳು ಸಾಮಾನ್ಯವಾಗಿ ವಾರಂಟಿಯಲ್ಲಿ ಬರುವುದಿಲ್ಲ. ಟೈರು, ಬ್ಯಾಟರಿಗೆ ಅವುಗಳ ಕಂಪನಿಯದೇ ಬೇರೆ ವಾರಂಟಿ, ಬೇರೆ ಕಾರ್ಡು, ಅವುಗಳ ದಿನಾಂಕವೂ ಬೇರೆ. ಸರ್ವೀಸು ತಪ್ಪಿಸಿದ್ದರೆ, ಹೊರಗಿನ ಅಂಗಡಿಯಲ್ಲಿ ವೈರು ಕತ್ತರಿಸಿ ಹಾಡಿನ ಪೆಟ್ಟಿಗೆಯನ್ನೋ ಬಣ್ಣದ ದೀಪವನ್ನೋ ಕೂರಿಸಿದ್ದರೆ, ಹೆಚ್ಚು ಭಾರ ಹೊರಲೆಂದು ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿದ್ದರೆ ಆ ಭಾಗದ ವಾರಂಟಿ ಹೋಯಿತೆಂದೇ ತಿಳಿಯಿರಿ. ಮಿತಿಮೀರಿದ ಲೋಡಿನದೂ ಇದೇ ಕಥೆ. ಆರ್‌ಸಿಯಲ್ಲಿ ಗಾಡಿಯ ಖಾಲಿ ತೂಕ, ಲೋಡ್ ಸೇರಿದ ಒಟ್ಟು ತೂಕ ಎರಡೂ ಇರುತ್ತವೆ. ಒಟ್ಟಿನಲ್ಲಿ ಖಾಲಿಯನ್ನು ಕಳೆದರೆ ಉಳಿಯುವಷ್ಟು ಮಾತ್ರ ಹೇರಬಹುದು, ಅದರಲ್ಲಿ ಡ್ರೈವರನ ತೂಕವೂ ಸೇರಿದೆ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. 40 ಲೀಟರಿನ ಕ್ಯಾನಿನಲ್ಲಿ ಹಾಲೇ 41 ಕೆ.ಜಿ., 20 ಕ್ಯಾನಿಗೆ 820 ಕೆ.ಜಿ. ದಾಟಿತು, ಕ್ಯಾನುಗಳ ತೂಕ ಬೇರೆ. ಕ್ಯಾನಿನ ನಡುವೆ ನಾಲ್ಕು ಮೂಟೆ ಬೂಸಾ, ಮೇಲೆ ಇಬ್ಬರು ಜನ. ಹೇಗೋ ಹಿಡಿಯುತ್ತದೆ ಎಂದು ಹೇರಿದ್ದರ ಲೆಕ್ಕ ಸ್ಪ್ರಿಂಗು, ಬೇರಿಂಗಿನಲ್ಲಿ ಕಾಣಿಸುತ್ತದೆ.

ವಾರಂಟಿ ಮುಗಿಯುವ ಹೊತ್ತಿಗೆ ಹೆಚ್ಚುವರಿ ವಾರಂಟಿ ಕೊಳ್ಳಿ ಎಂದು ಹೇಳಬಹುದು. ದಿನಕ್ಕೆ ನೂರು ಕಿಲೋಮೀಟರಿಗೆ ಮೀರಿ ಓಡುವ ಮಾರ್ಗದ ಗಾಡಿಗೆ ಅದನ್ನು ಯೋಚಿಸಬಹುದು. ಸ್ವಂತ ಹೊಲದಿಂದ ಕೊಟ್ಟಿಗೆಗೆ ಹುಲ್ಲು ತರುವ ಗಾಡಿಗೆ ಆ ದುಡ್ಡು ದಂಡ ಎಂಬುದು ನನ್ನ ಅಭಿಪ್ರಾಯ. ಕೊಳ್ಳುವುದಾದರೆ ಯಾವ ಯಾವ ಭಾಗ ಸೇರಿದೆ ಎಂದು ಓದಿಸಿಕೊಂಡೇ ಕೊಳ್ಳಿ.

ಆದರೂ ಮಾಡಿಕೊಡದಿದ್ದರೆ

ಮೊದಲು ಡೀಲರಿಗೂ ಕಂಪನಿಗೂ ಒಂದು ಪತ್ರ ಬರೆದು, ಜಾಬ್ ಕಾರ್ಡಿನ ಪ್ರತಿ ಸೇರಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಕನ್ನಡದಲ್ಲೇ ಮಾತಾಡಬಹುದು. ಅನೇಕ ದೂರುಗಳು ಅಲ್ಲಿಗೇ ಬಗೆಹರಿಯುತ್ತವೆ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಗಾಡಿ ಕೊಂಡ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು.

ಅಲ್ಲಿ ಎದುರು ಪಕ್ಷದವರು ಎತ್ತಬಹುದಾದ ಒಂದು ವಾದವನ್ನು ಈಗಲೇ ತಿಳಿದಿರಿ: "ಇದು ಬಾಡಿಗೆಗೆ ಓಡುವ ವಾಣಿಜ್ಯ ವಾಹನ, ಇವರು ಗ್ರಾಹಕರೇ ಅಲ್ಲ." ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡು ಬಳಸುವ ವಸ್ತುವನ್ನು ಕಾಯ್ದೆ ವಾಣಿಜ್ಯ ಉದ್ದೇಶ ಎಂದು ಎಣಿಸುವುದಿಲ್ಲ. ಸುಪ್ರೀಂ ಕೋರ್ಟ್ 1995ರಲ್ಲಿ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಹಳೆಯ ಕಾಯ್ದೆಯ ಇದೇ ಮಾತನ್ನು ವಿವರಿಸುವಾಗ, ಲಾರಿ ಕೊಂಡು ತಾನೇ ಓಡಿಸಿ ಬದುಕುವವನ ಉದಾಹರಣೆಯನ್ನೇ ಕೊಟ್ಟಿದೆ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಗ್ರಾಹಕನಲ್ಲ ಎನ್ನಲಾಗದು ಎಂದೂ ಹೇಳಿದೆ. ಐದಾರು ಗಾಡಿ ಇಟ್ಟುಕೊಂಡು ಬಾಡಿಗೆಗೆ ಬಿಡುವವರಿಗೆ ಇದು ಅನ್ವಯಿಸುವುದು ಕಷ್ಟ. ಒಂದೇ ಗಾಡಿಯಿಂದ ಮನೆ ನಡೆಸುವವರು ಹಾಲಿನ ಪಾಸ್‌ಬುಕ್ಕು, ಸಾಲದ ಪತ್ರ, ಮಾರ್ಗದ ಕರಾರು ಇವನ್ನು ಜೋಪಾನ ಮಾಡಿಟ್ಟರೆ ಜೀವನೋಪಾಯಕ್ಕೆ ಅವೇ ದಾಖಲೆ.

ಗಾಡಿ ಇಲ್ಲದವರೂ ಬೀರು ತೆರೆದು ನೋಡುವುದಿದೆ. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಕೊಂಡಿದ್ದರೆ ಅವಕ್ಕೂ ವಾರಂಟಿ ಇರುತ್ತದೆ. ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ನಂಬರ್ ಇದೆಯೇ, ವಾರಂಟಿ ಕಾರ್ಡಿಗೆ ಡೀಲರಿನ ಸೀಲು ಬಿದ್ದಿದೆಯೇ ನೋಡಿ. ಇಲ್ಲದಿದ್ದರೆ ಅವಧಿ ಇರುವಾಗಲೇ ಹೋಗಿ ಹಾಕಿಸಿಕೊಳ್ಳಿ. ವ್ಯಾಕ್ಯೂಮ್ ಪಂಪು ಬಿಸಿಯಾಗುತ್ತಿದ್ದರೆ, ಗೇಜಿನ ಮುಳ್ಳು ಒಂದೇ ಕಡೆ ನಿಲ್ಲದೆ ಅಲುಗುತ್ತಿದ್ದರೆ ಅದನ್ನೂ ಬರೆಸಿ, ಕೆಚ್ಚಲು ಬಾವು ಬಂದ ಮೇಲೆ ಬರೆಸುವುದಲ್ಲ. ಬಿಲ್ಲುಗಳು ಈಗ ಬಿಸಿಗೆ ಮೂಡುವ ಕಾಗದದಲ್ಲಿ ಬರುತ್ತವೆ, ವರ್ಷ ತುಂಬುವಷ್ಟರಲ್ಲಿ ಅಕ್ಷರವೆಲ್ಲ ಅಳಿಸಿರುತ್ತದೆ. ಕೊಂಡ ದಿನವೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಒಂದು ಫೋಟೋ ಇಟ್ಟುಕೊಳ್ಳಿ.